ಮುನ್ನಂದಾಜಿನ ಲೆಕ್ಕವನ್ನು ಪ್ರಾರಂಭಿಸುವ ಕ್ರಮ: ಮಂಗನ ಕಾಯಿಲೆಯ ನಿದರ್ಶನದೊಡನೆ

ಬೆಳೆಯು ಕಣಕ್ಕೆ ಬರುವುದಕ್ಕೆ ಮುಂಚೆಯೇ ಅದು ಎಷ್ಟು ಆಣೆಯ ಬೆಳೆಯೆಂದು ಗೊತ್ತುಮಾಡುವುದು ಹಿಂದಿನ ಪಟೇಲರಿಗೂ ಶ್ಯಾನುಭೋಗರಿಗೂ ವಾಡಿಕೆಯಾಗಿದ್ದ ಕೆಲಸ. ಹದಿನಾರಾಣೆಯನ್ನು ಪೂರ್ಣ ಫಸಲೆಂದು ಇಟ್ಟುಕೊಂಡು, ಮಳೆಯ ಹದ, ಪೈರಿನ ಬಣ್ಣ, ತೆನೆಯ ತೂಕ, ಕೆರೆಯ ನೀರು ಇವುಗಳನ್ನು ನೋಡಿ, ಈ ವರ್ಷ ಎಂಟಾಣೆ, ಈ ವರ್ಷ ಹನ್ನೆರಡಾಣೆ ಎಂದು ಅವರು ಬರೆಯುತ್ತಿದ್ದರು. ಕಂದಾಯದ ವಿನಾಯಿತಿಯೇ ಮೊದಲಾದ ವಿಷಯಗಳಲ್ಲಿ ಆ ಬರೆಹಕ್ಕೆ ಬೆಲೆಯಿತ್ತು. ಕಣ್ಣಿಗೆ ಕಂಡ ಗುರುತುಗಳಿಂದ ಇನ್ನೂ ಕಾಣದಿರುವ ಫಲವನ್ನು ಊಹಿಸಿ, ಆ ಊಹೆಯನ್ನು ಆಧಾರವಾಗಿಟ್ಟುಕೊಂಡು ಊರಿನ ಕೆಲಸವನ್ನು ನಡೆಯಿಸುವುದಕ್ಕೆ ಮುನ್ನಂದಾಜು ಎಂದು ಹೆಸರು.

ಈಗ ಕಂಪ್ಯೂಟರಿನ ಸಹಾಯದಿಂದ ಮಾಡುವ ಮುನ್ನಂದಾಜೂ ಸ್ವಭಾವದಲ್ಲಿ ಆಣೆವಾರಿಗಿಂತ ಬೇರೆಯಲ್ಲ. ಗುರುತುಗಳನ್ನು ಅನುಭವಶಾಲಿಗಳ ಮನಸ್ಸಿನಲ್ಲಿಯೇ ಬಿಡದೆ ಬರೆದಿಟ್ಟು, ಹಿಂದಿನ ವರ್ಷಗಳ ಫಲದೊಡನೆ ಹೋಲಿಸಿ, ಯಾವ ಗುರುತಿಗೆ ಎಷ್ಟು ಬೆಲೆಯೆಂಬುದನ್ನು ಲೆಕ್ಕದಿಂದ ಗೊತ್ತುಮಾಡುವುದಷ್ಟೇ ವಿಶೇಷ. ಈ ಲೆಕ್ಕವನ್ನು ಪ್ರಾರಂಭಿಸುವ ಬಗೆಯನ್ನೂ, ಅದರಲ್ಲಿ ಗ್ರಾಮದ ಮುಖಂಡರ ಮತ್ತು ಜಮೀನುದಾರರ ಪಾಲು ಎಷ್ಟೆಂಬುದನ್ನೂ ಶಿವಮೊಗ್ಗ ಜಿಲ್ಲೆಯಲ್ಲಿ ನಡೆದ ಒಂದು ಕಾರ್ಯದ ಮೂಲಕ ಇಲ್ಲಿ ತಿಳಿಸಲಾಗಿದೆ.

೧. ಕಾಯಿಲೆಯ ಸ್ವರೂಪ

೧೯೫೭ನೆಯ ಇಸವಿಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸತ್ತುಬೀಳುವುದೂ, ಹಳ್ಳಿಯ ಜನರು ಒಮ್ಮೆಗೇ ಕಠಿಣವಾದ ಜ್ವರಕ್ಕೆ ಗುರಿಯಾಗುವುದೂ ಕಂಡುಬಂತು. ಪರೀಕ್ಷಿಸಿದಾಗ ಅದು ಹಿಂದೆ ಗೊತ್ತಿಲ್ಲದಿದ್ದ ವೈರಾಣುವಿನಿಂದ ಬರುವ ಕಾಯಿಲೆಯೆಂದು ತಿಳಿಯಿತು. ಲೋಕದ ವೈದ್ಯಗ್ರಂಥಗಳಲ್ಲಿ ಅದಕ್ಕೆ ಕ್ಯಾಸನೂರಿನ ಹೆಸರೇ ನಿಂತಿದೆ. ಜನರು ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ.

ಹೆಸರು ಮಂಗನದಾದರೂ ಮನುಷ್ಯನಿಗೆ ಇದನ್ನು ಅಂಟಿಸುವುದು ಕಾಡಿನ ಉಣುಗು. ಮಳೆಗಾಲದಲ್ಲಿ ದೊಡ್ಡ ಉಣುಗುಗಳು ದನಕರುಗಳ ಮತ್ತು ಕಾಡುಪ್ರಾಣಿಗಳ ಮೈಮೇಲೆ ರಕ್ತ ಹೀರಿ, ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತವೆ. ಮಳೆ ನಿಂತ ಮೇಲೆ ಮರಿಗಳು ಹುಟ್ಟಿ, ಚಳಿಗಾಲದಿಂದ ಬೇಸಿಗೆಯವರೆಗೆ ಎಳೆಯ ಉಣುಗುಗಳಾಗಿ ತರಗೆಲೆಯಲ್ಲಿಯೂ ಕುರುಚಲಿನಲ್ಲಿಯೂ ಹಬ್ಬಿರುತ್ತವೆ. ಕಣ್ಣಿಗೆ ಸುಲಭವಾಗಿ ಕಾಣದ ಈ ಎಳೆಯ ಉಣುಗುಗಳೇ ಮನುಷ್ಯನನ್ನು ಹೆಚ್ಚಾಗಿ ಕಡಿಯುತ್ತವೆ. ಅಡಕೆಯ ಕೊಯ್ಲು ನಡೆಯುವುದೂ, ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸುವುದೂ, ಸೊಪ್ಪಿನ ಬೆಟ್ಟಕ್ಕೆ ಹೋಗುವುದೂ, ಸೌದೆ ಕೂಡಿಡುವುದೂ ಬಹುಮಟ್ಟಿಗೆ ಇದೇ ತಿಂಗಳುಗಳಲ್ಲಿ. ಆದುದರಿಂದ ಇದು ವೈದ್ಯರಿಗೆ ಮಾತ್ರ ಸೇರಿದ ವಿಷಯವಲ್ಲ, ವ್ಯವಸಾಯಕ್ಕೂ ಸೇರಿದುದು.

ಉಣುಗು ಕಡಿದ ೩ ರಿಂದ ೮ ದಿನಗಳಲ್ಲಿ ಹಠಾತ್ತಾಗಿ ಜ್ವರ, ತಲೆನೋವು, ಮಾಂಸಖಂಡಗಳ ನೋವು ಪ್ರಾರಂಭವಾಗುತ್ತದೆ. ಕೆಲವರಲ್ಲಿ ರಕ್ತಸ್ರಾವವೂ ಉಂಟು. ಕಾಯಿಲೆ ಬಂದವರಲ್ಲಿ ನೂರಕ್ಕೆ ೩ ರಿಂದ ೫ ಜನರು ಸಾಯುತ್ತಾರೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಹಲವು ದಶಕಗಳಿಂದ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು ಕಂಡುಬಂದು ೨೦೨೨ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೀಗಿರಲು, ಉಣುಗು ಕಡಿಯದಂತೆ ಮೈಗೆ ಹಚ್ಚುವ ತೈಲವನ್ನು ಯಾವ ಊರಿಗೆ ಮೊದಲು ಕಳುಹಿಸಬೇಕು, ಯಾವ ಕಾಡಿನಂಚಿನ ಜನರನ್ನು ಮೊದಲು ಎಚ್ಚರಿಸಬೇಕು ಎಂಬುದನ್ನು ಮುಂದಾಗಿ ತಿಳಿಯುವುದು ಪ್ರಾಣವನ್ನು ಉಳಿಸುವ ಕೆಲಸವೇ ಆಗಿರುತ್ತದೆ.

೨. ಶಿವಮೊಗ್ಗ ಜಿಲ್ಲೆಯಲ್ಲಿ ಮಾಡಿದ ಲೆಕ್ಕ

ಶಿವಮೊಗ್ಗ ನಗರದ ಕೋಟೆಯು ತುಂಗೆಯ ದಡದಲ್ಲಿದೆ. ಅಲ್ಲಿಂದ ಭದ್ರಾವತಿಯ ಕಡೆಗೆ ಹೊರಟರೆ ಬಯಲು, ನಾಲೆಯ ನೀರಿನ ಗದ್ದೆ, ತೋಟ. ತೀರ್ಥಹಳ್ಳಿಯ ಮಾರ್ಗವಾಗಿ ಪಶ್ಚಿಮಕ್ಕೆ ಹೊರಟರೆ ಕಾಡು ಕ್ರಮೇಣ ದಟ್ಟವಾಗುತ್ತಾ, ಆಗುಂಬೆಯನ್ನು ಮುಟ್ಟುವಷ್ಟರಲ್ಲಿ ನಿತ್ಯವೂ ಹಸುರಾಗಿರುವ ಅರಣ್ಯ ಸಿಕ್ಕುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬಿದ್ದರೆ, ಶಿವಮೊಗ್ಗ ಭದ್ರಾವತಿಗಳ ಬಯಲಿನಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಶೆಟ್ಟಿಹಳ್ಳಿ ಅಭಯಾರಣ್ಯವೊಂದರಲ್ಲಿಯೇ ಪೂರ್ವಕ್ಕೆ ಬೇಸಿಗೆಯಲ್ಲಿ ಎಲೆಯುದುರುವ ಒಣಕಾಡು, ಪಶ್ಚಿಮಕ್ಕೆ ತೇವದ ಕಾಡು ಇರುವುದನ್ನು ನೋಡಬಹುದು. ಒಂದು ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸವಿರುವಾಗ ಎಲ್ಲ ಊರುಗಳಿಗೂ ಒಂದೇ ಬಗೆಯ ಅಪಾಯವಿರಲಾರದು.

ಭಾರತದ ಮತ್ತು ಬ್ರಿಟನ್ನಿನ ಸಂಶೋಧಕರು ಕೂಡಿ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತಂದರು. ಸಂಬಂಧಪಟ್ಟ ಸರ್ಕಾರಿ ಶಾಖೆಗಳವರೊಡನೆಯೂ ಸ್ಥಳ ಬಲ್ಲವರೊಡನೆಯೂ ಸಮಾಲೋಚಿಸಿ, ಜಿಲ್ಲೆಯಲ್ಲಿ ೨೦೧೪ ರಿಂದ ೨೦೧೮ರವರೆಗೆ ಜನರಿಗೆ ಕಾಯಿಲೆ ಬಂದ ಸ್ಥಳಗಳನ್ನು ಗೊತ್ತುಮಾಡಿದರು. ಕಾಡಿನ ಬಗೆ, ಕಾಡಿನ ನಾಶ, ದನಕರುಗಳ ಸಂಖ್ಯೆ, ನೆಲದ ಎತ್ತರ, ಆಸ್ಪತ್ರೆಯ ಅನುಕೂಲ ಮೊದಲಾದ ಗುರುತುಗಳನ್ನು ಆ ಸ್ಥಳಗಳೊಡನೆ ಹೋಲಿಸಿದರು. ಫಲಿತಾಂಶವು ೨೦೨೦ರಲ್ಲಿ ಪ್ರಕಟವಾಯಿತು. ತೇವದ ನಿತ್ಯಹಸುರಿನ ಕಾಡೂ ತೋಟಗಳೂ ಒಂದರೊಳಗೊಂದು ಹೆಣೆದುಕೊಂಡಿರುವ, ನಾಡದನಗಳು ಹೆಚ್ಚಾಗಿರುವ, ಒಣಕಾಡು ಕಡಿಮೆಯಾಗಿರುವ ಪ್ರದೇಶಗಳಲ್ಲಿ ಅಪಾಯ ಹೆಚ್ಚೆಂದು ಕಂಡುಬಂತು.

೨೦೧೮ರ ಕೊನೆಯಲ್ಲಿ ಪ್ರಾರಂಭವಾಗಿ ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಕಾಯಿಲೆಯು ಜೀವಗಳನ್ನು ಬಲಿತೆಗೆದುಕೊಂಡುದು ಜಿಲ್ಲೆಯ ಜನರ ನೆನಪಿನಲ್ಲಿರುವ ಸಂಗತಿ. ೨೦೧೮ರವರೆಗಿನ ದಾಖಲೆಯಿಂದ ಕಟ್ಟಿದ ಲೆಕ್ಕವನ್ನು ೨೦೧೯ರ ಸಂಗತಿಗಳೊಡನೆ ಹೋಲಿಸಿ ನೋಡಿದಾಗ, ಆ ವರ್ಷ ಹೊಸದಾಗಿ ಕಾಯಿಲೆ ತಲೆದೋರಿದ ಸ್ಥಳಗಳನ್ನು ಅದು ಮುಂದಾಗಿ ಸೂಚಿಸಬಲ್ಲದೆಂದು ತಿಳಿಯಿತು. ಈ ಬಗೆಯ ನಕ್ಷೆಯು ಕೊಯ್ಲಿಗೆ ಮುಂಚೆ ಸಿದ್ಧವಾಗಿ ಕೈಯಲ್ಲಿದ್ದರೆ ಏನಾಗಬಹುದೆಂಬುದನ್ನು ಗ್ರಾಮದ ಹಿರಿಯರು ಆಲೋಚಿಸತಕ್ಕದ್ದು.

೩. ಪ್ರಾರಂಭ ಮಾಡುವ ಕ್ರಮ

ಕಂಪ್ಯೂಟರಿಗೆ ಕೈಹಚ್ಚುವುದಕ್ಕೆ ಮುಂಚೆ ಈ ಲೆಕ್ಕವನ್ನು ಗೆರೆ ಹಾಕಿದ ಒಂದು ಪುಸ್ತಕದಲ್ಲಿ ಅಭ್ಯಾಸಮಾಡುವುದು ಮೇಲು. ಅದಕ್ಕೆ ನಾಲ್ಕು ಹೆಜ್ಜೆಗಳುಂಟು.

(ಅ) ಪ್ರಶ್ನೆಯನ್ನು ಗೊತ್ತುಮಾಡುವುದು. ‘ಮಂಗನ ಕಾಯಿಲೆ ಹೆಚ್ಚುವುದೇ?’ ಎಂಬುದು ಲೆಕ್ಕಕ್ಕೆ ಒಗ್ಗುವ ಪ್ರಶ್ನೆಯಲ್ಲ. ಉತ್ತರ ಸಿಕ್ಕಿದರೂ ಅದರಿಂದ ಮಾಡತಕ್ಕ ಕೆಲಸ ಗೊತ್ತಾಗುವುದಿಲ್ಲ. ‘ಈ ಪಂಚಾಯಿತಿಯ ಯಾವ ಮಜರೆಗಳಲ್ಲಿ ಕಾರ್ತಿಕ ಮಾಸ ಮುಗಿಯುವುದರೊಳಗೆ ತೈಲವನ್ನು ಹಂಚಿ ಮುಗಿಸಬೇಕು?’ ಎಂದು ಕೇಳತಕ್ಕದ್ದು. ಇದರಲ್ಲಿ ಸ್ಥಳವಿದೆ, ಕಾಲವಿದೆ, ಕೆಲಸವಿದೆ. ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕದಿಂದ ಪ್ರಯೋಜನವಿಲ್ಲ.

(ಆ) ದಾಖಲೆಯನ್ನು ಕೂಡಿಸುವುದು. ಒಂದು ಮಜರೆಗೆ ವರ್ಷಕ್ಕೆ ಒಂದು ಸಾಲಿನಂತೆ ಬರೆಯತಕ್ಕದ್ದು. ಸಾಲಿನಲ್ಲಿ ಕಾಡಿನ ಬಗೆ, ತೋಟದ ವಿಸ್ತಾರ, ಕಾಡಿಗೆ ಮೇಯಲು ಹೋಗುವ ದನಗಳ ಸಂಖ್ಯೆ, ಸತ್ತ ಮಂಗಗಳು ಸಿಕ್ಕಿದ ಸ್ಥಳ ಮತ್ತು ದಿನ, ಪರೀಕ್ಷೆಯಿಂದ ದೃಢಪಟ್ಟ ಕಾಯಿಲೆಯ ಸಂಖ್ಯೆ ಇವು ಇರಬೇಕು.

ಈ ಹೆಜ್ಜೆಯಲ್ಲಿಯೇ ಅತಿ ದೊಡ್ಡ ತಪ್ಪು ನುಸುಳುವುದರಿಂದ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಭದ್ರಾವತಿಯ ಕಡೆಯ ಕೂಲಿಯಾಳೊಬ್ಬನು ಅಡಕೆ ಕೊಯ್ಲಿಗೆಂದು ತೀರ್ಥಹಳ್ಳಿಯ ಕಡೆಯ ತೋಟಕ್ಕೆ ಹೋಗಿ, ಅಲ್ಲಿ ಉಣುಗು ಕಡಿಸಿಕೊಂಡು, ಊರಿಗೆ ಬಂದ ಮೇಲೆ ಜ್ವರದಲ್ಲಿ ಮಲಗಿದನೆಂದು ಭಾವಿಸಬಹುದು. ಅವನ ರಕ್ತವನ್ನು ಶಿವಮೊಗ್ಗದಲ್ಲಿರುವ ವೈರಾಣು ಪರೀಕ್ಷೆಯ ಪ್ರಯೋಗಾಲಯಕ್ಕೆ ಕಳುಹಿಸುವಾಗ ವಿಳಾಸವೆಂದು ಬರೆಯುವುದು ಅವನ ಮನೆಯನ್ನು. ಲೆಕ್ಕವು ಆ ಬರೆಹವನ್ನೇ ನಂಬಿದರೆ, ಅಪಾಯವಿಲ್ಲದ ಬಯಲಿನ ಊರಿಗೆ ಅಪಾಯದ ಗುರುತು ಬೀಳುತ್ತದೆ. ಉಣುಗು ಕಡಿದ ತೋಟದಂಚು ನಿರಪಾಯವೆಂದು ತೋರುತ್ತದೆ. ಮುಂದಿನ ವರ್ಷ ಅದೇ ಸ್ಥಳದಲ್ಲಿ ಇನ್ನೊಬ್ಬನಿಗೆ ಕಾಯಿಲೆ ತಗಲುತ್ತದೆ. ಆದಕಾರಣ ಜ್ವರಕ್ಕೆ ಮುಂಚಿನ ಹತ್ತು ದಿನಗಳಲ್ಲಿ ರೋಗಿಯು ಯಾವ ಕಾಡಿಗೆ, ಯಾವ ತೋಟಕ್ಕೆ, ಯಾವ ಕೆಲಸಕ್ಕೆ ಹೋಗಿದ್ದನೆಂದು ಕೇಳಿ ಬರೆಯುವುದು ಮುಖ್ಯ. ಮೇಲೆ ಹೇಳಿದ ಸಂಶೋಧಕರೂ ಕಾಯಿಲೆ ಅಂಟಿದ ಸ್ಥಳವನ್ನು ಹುಡುಕುವುದಕ್ಕೆ ಸ್ಥಳೀಯರ ನೆರವು ಅತ್ಯಗತ್ಯವಾಯಿತೆಂದು ಹೇಳಿರುತ್ತಾರೆ. ಈ ಕೆಲಸವನ್ನು ದೂರದ ಯಾವ ಯಂತ್ರವೂ ಮಾಡಲಾರದು.

(ಇ) ಗುರುತುಗಳಿಗೆ ಬೆಲೆ ಕಟ್ಟುವುದು. ಅಭ್ಯಾಸಕ್ಕಾಗಿ ಮೂರು ಗುರುತುಗಳು ಸಾಕು: ತೇವದ ಕಾಡೂ ತೋಟವೂ ಮಜರೆಯ ಬಳಿ ಸೇರಿಕೊಂಡಿವೆಯೇ, ಜನರೂ ದನಗಳೂ ದಿನವೂ ಆ ಕಾಡಿಗೆ ಹೋಗುವರೇ, ಹಿಂದಿನ ಎರಡು ವರ್ಷಗಳಲ್ಲಿ ಸುತ್ತಮುತ್ತ ಮಂಗಗಳ ಸಾವು ಅಥವಾ ಕಾಯಿಲೆ ಕಂಡಿತ್ತೇ. ಹೌದೆಂಬುದಕ್ಕೆ ಒಂದು ಅಂಕ. ಎರಡು ಅಥವಾ ಮೂರು ಅಂಕ ಬಂದ ಮಜರೆಗೆ ಎಚ್ಚರಿಕೆ ಕೊಡಬೇಕೆಂದು ಗೊತ್ತುಮಾಡಿಕೊಳ್ಳುವುದು.

ಕಂಪ್ಯೂಟರು ಮಾಡುವ ಒಂದು ಬಗೆಯ ಲೆಕ್ಕವೂ ಹೀಗೆಯೇ ಪ್ರಶ್ನೆಗಳ ಕವಲುಗಳಿಂದ ಕೂಡಿದುದು. ‘ಕಾಡು ತೇವದ್ದೇ?’ ಹೌದಾದರೆ ಒಂದು ಕವಲು, ಅಲ್ಲವಾದರೆ ಇನ್ನೊಂದು. ‘ದನಗಳು ಇಷ್ಟಕ್ಕಿಂತ ಹೆಚ್ಚೇ?’ ಎಂದು ಮತ್ತೆ ಕವಲು. ಯಾವ ಪ್ರಶ್ನೆಯನ್ನು ಮೊದಲು ಕೇಳಿದರೆ ಕಾಯಿಲೆ ಬಂದ ಸ್ಥಳಗಳೂ ಬಾರದ ಸ್ಥಳಗಳೂ ಚೆನ್ನಾಗಿ ಬೇರ್ಪಡುತ್ತವೆಯೆಂಬುದನ್ನು ಅದು ಸಾವಿರಾರು ಬಾರಿ ಪ್ರಯೋಗಿಸಿ ನೋಡುತ್ತದೆ. ಇಂತಹ ಲೆಕ್ಕವನ್ನು ಮಾಡುವ ಸಾಧನಗಳಲ್ಲಿ ‘ಆರ್’ ಎಂಬುದೂ, ನಕ್ಷೆಗಳಿಗೆ ‘ಕ್ಯೂಜಿಐಎಸ್’ ಎಂಬುದೂ ಹಣವಿಲ್ಲದೆ ದೊರೆಯುತ್ತವೆ. ಪುಸ್ತಕದ ಸಾಲುಗಳು ಸರಿಯಾಗಿದ್ದರೆ ಅವನ್ನು ಹಾಗೆಯೇ ಕಂಪ್ಯೂಟರಿನ ಕೋಷ್ಟಕಕ್ಕೆ ಇಳಿಸಬಹುದು. ಓದು ಬಲ್ಲ ಯುವಕ ಯುವತಿಯರು ಊರಿನಲ್ಲಿದ್ದರೆ ಈ ಕೆಲಸವನ್ನು ಅವರಿಗೆ ಒಪ್ಪಿಸುವುದು ಉಚಿತ.

(ಈ) ಕಾಣದ ವರ್ಷದ ಮೇಲೆ ಪರೀಕ್ಷಿಸುವುದು. ಬಿತ್ತನೆಗೆ ಮುಂಚೆ ನೂರು ಬೀಜಗಳನ್ನು ಎಣಿಸಿ ಒದ್ದೆಯ ಬಟ್ಟೆಯಲ್ಲಿ ಕಟ್ಟಿಟ್ಟು ಎಷ್ಟು ಮೊಳೆತವೆಂದು ನೋಡುವುದು ರೈತರಿಗೆ ಗೊತ್ತಿದೆ. ಲೆಕ್ಕಕ್ಕೂ ಇಂತಹ ಮೊಳಕೆಯ ಪರೀಕ್ಷೆ ಬೇಕು. ಐದು ವರ್ಷಗಳ ದಾಖಲೆಯಿದ್ದರೆ ನಾಲ್ಕು ವರ್ಷಗಳಿಂದ ಲೆಕ್ಕವನ್ನು ಕಟ್ಟಿ, ಐದನೆಯ ವರ್ಷವನ್ನು ಮುಚ್ಚಿಟ್ಟು, ಕೊನೆಗೆ ತೆರೆದು ಹೋಲಿಸತಕ್ಕದ್ದು. ಎಲ್ಲ ವರ್ಷಗಳನ್ನೂ ನೋಡಿ ಕಟ್ಟಿದ ಲೆಕ್ಕವು ಆ ವರ್ಷಗಳಿಗೆ ಸರಿಹೊಂದುವುದರಲ್ಲಿ ಆಶ್ಚರ್ಯವಿಲ್ಲ. ಒಕ್ಕಣೆ ಮುಗಿದ ಮೇಲೆ ಆಣೆವಾರಿ ಬರೆದವನ ಅಂದಾಜು ತಪ್ಪುವುದುಂಟೇ? ಹುಣಿಸೆಮರವಿರುವ ಮಜರೆಗಳಲ್ಲೆಲ್ಲ ಕಾಯಿಲೆ ಬಂತೆಂದು ಹಿಂದಿನ ದಾಖಲೆಯಲ್ಲಿ ಆಕಸ್ಮಿಕವಾಗಿ ತೋರಬಹುದು. ಮುಚ್ಚಿಟ್ಟ ವರ್ಷವು ಇಂತಹ ಹುಸಿ ಗುರುತುಗಳನ್ನು ಬಯಲುಮಾಡುತ್ತದೆ. ೨೦೧೪ ರಿಂದ ೨೦೧೮ರವರೆಗಿನ ದಾಖಲೆಯಿಂದ ಕಟ್ಟಿದ ಲೆಕ್ಕವನ್ನು ೨೦೧೯ರೊಡನೆ ಹೋಲಿಸಿದುದರ ಅರ್ಥವೂ ಇದೇ.

೪. ತಪ್ಪುಗಳನ್ನು ತೂಗುವ ಬಗೆ

ಪಾಠಕ್ಕಾಗಿ ೨೦ ಮಜರೆಗಳಿರುವ ಒಂದು ಪಂಚಾಯಿತಿಯನ್ನು ಕಲ್ಪಿಸಿಕೊಳ್ಳಬಹುದು. ಮೇಲಿನ ಅಂಕಗಳಂತೆ ೬ ಮಜರೆಗಳಿಗೆ ಎಚ್ಚರಿಕೆ ಕೊಡಲಾಯಿತು. ಬೇಸಿಗೆ ಮುಗಿದ ಮೇಲೆ ಎಣಿಸಿದಾಗ ೪ ಮಜರೆಗಳಲ್ಲಿ ಕಾಯಿಲೆ ಬಂದಿತ್ತು. ವಿವರ ಹೀಗಿದೆ:

ಎಚ್ಚರಿಕೆ ಕೊಟ್ಟು, ಕಾಯಿಲೆ ಬಂದವು: ೩
ಎಚ್ಚರಿಕೆ ಕೊಟ್ಟು, ಕಾಯಿಲೆ ಬಾರದವು: ೩
ಎಚ್ಚರಿಕೆ ಕೊಡದೆ, ಕಾಯಿಲೆ ಬಂದುದು: ೧
ಎಚ್ಚರಿಕೆ ಕೊಡದೆ, ಕಾಯಿಲೆ ಬಾರದವು: ೧೩

ಈ ಲೆಕ್ಕವು ೩ ಮತ್ತು ೧೩, ಒಟ್ಟು ೧೬ ಮಜರೆಗಳಲ್ಲಿ ಸರಿಯಾಯಿತು; ಎಂದರೆ ನೂರಕ್ಕೆ ೮೦. ಈಗ ಇನ್ನೊಬ್ಬನು ಯಾವ ದಾಖಲೆಯನ್ನೂ ನೋಡದೆ ‘ಎಲ್ಲಿಯೂ ಕಾಯಿಲೆ ಬರುವುದಿಲ್ಲ’ ಎಂದು ಹೇಳಿಬಿಟ್ಟನೆನ್ನೋಣ. ಅವನ ಮಾತೂ ೧೬ ಮಜರೆಗಳಲ್ಲಿ ಸರಿಯಾಗುತ್ತದೆ. ಅದೂ ನೂರಕ್ಕೆ ೮೦! ಆದರೆ ಮೊದಲನೆಯ ಲೆಕ್ಕವು ಕಾಯಿಲೆ ಬಂದ ನಾಲ್ಕರಲ್ಲಿ ಮೂರು ಮಜರೆಗಳನ್ನು ಮುಂದಾಗಿ ಹೇಳಿತು; ಎರಡನೆಯವನು ಒಂದನ್ನೂ ಹೇಳಲಿಲ್ಲ. ಆದುದರಿಂದ ಯಾರಾದರೂ ಬಂದು ತಮ್ಮ ಲೆಕ್ಕವು ನೂರಕ್ಕೆ ಇಷ್ಟು ಸರಿಯೆಂದು ಹೇಳಿದಾಗ, ಬಂದ ಕಾಯಿಲೆಗಳಲ್ಲಿ ಎಷ್ಟನ್ನು ಅದು ಹಿಡಿಯಿತು, ಕೊಟ್ಟ ಎಚ್ಚರಿಕೆಗಳಲ್ಲಿ ಎಷ್ಟು ನಿಜವಾದವು ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳತಕ್ಕದ್ದು.

ಎರಡು ಬಗೆಯ ತಪ್ಪುಗಳೂ ಒಂದೇ ತೂಕದವಲ್ಲ. ಕಾಯಿಲೆ ಬಾರದ ಮಜರೆಗೆ ಎಚ್ಚರಿಕೆ ಕೊಟ್ಟರೆ ಕೆಲವು ಸೀಸೆ ತೈಲವೂ ಆರೋಗ್ಯ ಕಾರ್ಯಕರ್ತರ ಒಂದು ದಿನವೂ ಹೆಚ್ಚಾಗಿ ಖರ್ಚಾಗುತ್ತದೆ. ಕಾಯಿಲೆ ಬರುವ ಮಜರೆಗೆ ಎಚ್ಚರಿಕೆ ತಪ್ಪಿದರೆ ಒಂದು ಮನೆಯ ದೀಪ ಆರಬಹುದು. ಹಾಗೆಂದು ಇಪ್ಪತ್ತಕ್ಕೆ ಇಪ್ಪತ್ತು ಮಜರೆಗಳಲ್ಲಿಯೂ ವರ್ಷವರ್ಷವೂ ಡಂಗುರ ಹೊಡೆಯಿಸಿದರೆ ಜನರು ಅದಕ್ಕೆ ಕಿವಿಗೊಡುವುದನ್ನೇ ಬಿಡುತ್ತಾರೆ. ಇರುವ ತೈಲವೂ ಸಾಲದು. ಎಷ್ಟು ಅಂಕಕ್ಕೆ ಎಚ್ಚರಿಕೆ ಕೊಡಬೇಕೆಂಬುದನ್ನು ಯಂತ್ರವು ಹೇಳಲಾರದು. ಅದನ್ನು ಆರೋಗ್ಯಾಧಿಕಾರಿಗಳೂ ಗ್ರಾಮದ ಮುಖಂಡರೂ ಕೂಡಿ, ಕೈಯಲ್ಲಿರುವ ಸಾಮಗ್ರಿಯನ್ನೂ ಪ್ರಾಣದ ಬೆಲೆಯನ್ನೂ ನೋಡಿ ನಿರ್ಧರಿಸಬೇಕು.

೫. ಗಮನದಲ್ಲಿಡಬೇಕಾದ ಎಚ್ಚರಿಕೆಗಳು

ಮೊದಲನೆಯದಾಗಿ, ವರದಿ ಇಲ್ಲದಿರುವುದೂ ಕಾಯಿಲೆ ಇಲ್ಲದಿರುವುದೂ ಒಂದೇ ಅಲ್ಲ. ಆಸ್ಪತ್ರೆ ದೂರವಾಗಿ, ರಕ್ತಪರೀಕ್ಷೆಯೇ ಆಗದ ಊರಿನ ಸಾಲಿನಲ್ಲಿ ಸೊನ್ನೆ ಬರೆಯಕೂಡದು. ‘ಪರೀಕ್ಷೆ ಆಗಿಲ್ಲ’ ಎಂದು ಬರೆಯತಕ್ಕದ್ದು.

ಎರಡನೆಯದಾಗಿ, ಗುರುತೇ ಕಾರಣವಲ್ಲ. ನಾಡದನಗಳು ಹೆಚ್ಚಾಗಿರುವಲ್ಲಿ ಅಪಾಯ ಹೆಚ್ಚೆಂದು ಲೆಕ್ಕ ಹೇಳಿದ ಮಾತ್ರಕ್ಕೆ ದನಗಳನ್ನು ಮಾರಿದರೆ ಕಾಯಿಲೆ ನಿಲ್ಲುವುದೆಂದು ತಿಳಿಯಬಾರದು. ದನಗಳು ಉಣುಗುಗಳನ್ನು ಪೋಷಿಸುವುದು ನಿಜ. ಆದರೆ ದನಗಳು ಹೆಚ್ಚಿರುವ ಊರಿನಲ್ಲಿ ಕಾಡಿಗೆ ಹೋಗುವ ಜನರೂ ಹೆಚ್ಚಿರಬಹುದು. ಎಲ್ಲಿ ಎಚ್ಚರದಿಂದಿರಬೇಕೆಂಬುದನ್ನು ಮಾತ್ರ ಲೆಕ್ಕವು ಹೇಳುತ್ತದೆ. ಏನು ಮಾಡಿದರೆ ಕಾಯಿಲೆ ತಗ್ಗುವುದೆಂಬುದಕ್ಕೆ ಬೇರೆ ಪ್ರಯೋಗಗಳು ಬೇಕು.

ಮೂರನೆಯದಾಗಿ, ಒಂದು ಸೀಮೆಯ ಲೆಕ್ಕವನ್ನು ಇನ್ನೊಂದು ಸೀಮೆಗೆ ಹಾಗೆಯೇ ಹೊತ್ತುಕೊಂಡು ಹೋಗಬಾರದು. ಬಹುಕಾಲ ಮಲೆನಾಡಿನಲ್ಲಿಯೇ ಇದ್ದ ಕಾಯಿಲೆಯು ೨೦೧೨ರಿಂದ ಈಚೆಗೆ ಬಂಡೀಪುರದ ಕಾಡಿನಲ್ಲಿಯೂ, ಕೇರಳದ ವಯನಾಡಿನಲ್ಲಿಯೂ, ಗೋವಾದಲ್ಲಿಯೂ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ಕಂಡುಬಂತು. ಅಲ್ಲಲ್ಲಿಯ ಕಾಡು ಬೇರೆ, ಜೀವನಕ್ರಮ ಬೇರೆ. ಬತ್ತದ ತಳಿಯನ್ನು ಊರಿನ ನೆಲದಲ್ಲಿ ಒಂದು ವರ್ಷ ಬೆಳೆದು ನೋಡುವಂತೆ ಲೆಕ್ಕವನ್ನೂ ಆಯಾ ಸ್ಥಳದಲ್ಲಿ ಪರೀಕ್ಷಿಸಿಯೇ ಉಪಯೋಗಿಸಬೇಕು.

ನಾಲ್ಕನೆಯದು ಜಮೀನುದಾರರಿಗೆ ಸಂಬಂಧಿಸಿದುದು. ತೋಟದಲ್ಲಿ ಸತ್ತ ಮಂಗ ಸಿಕ್ಕಿತೆಂಬ ಸುದ್ದಿ ಹರಡಿದರೆ ಕೊಯ್ಲಿಗೆ ಆಳು ಬಾರದೆಂಬ ಭಯದಿಂದ ಅದನ್ನು ಸದ್ದಿಲ್ಲದೆ ಹೂಳಿಬಿಡುವ ಆಸೆ ಹುಟ್ಟಬಹುದು. ಮಂಗ ಸತ್ತ ಸ್ಥಳದಲ್ಲಿ ಅದರ ಮೈಯಿಂದ ಉದುರಿದ ಉಣುಗುಗಳು ಹರಡಿರುವುದರಿಂದ ಅಲ್ಲಿಯೇ ಅಪಾಯ ಅಧಿಕ. ಮುಚ್ಚಿಟ್ಟವನ ತೋಟಕ್ಕೆ ಮಾರನೆಯ ದಿನ ಇಳಿಯುವವರು ಅವನ ಆಳುಗಳೂ ಅವನ ಮನೆಯವರೂ ಅಲ್ಲವೇ? ಒಬ್ಬನು ಮುಚ್ಚಿಟ್ಟ ಒಂದು ಸಾಲಿನಿಂದ ಇಡೀ ಹೋಬಳಿಯ ಲೆಕ್ಕ ಕೆಡುತ್ತದೆ. ಅದೇ ರೀತಿಯಲ್ಲಿ ರೋಗಿಯ ಹೆಸರನ್ನು ಬೀದಿಯಲ್ಲಿ ಸಾರುವುದೂ ಕೂಡದು. ಲೆಕ್ಕಕ್ಕೆ ಬೇಕಾದುದು ಸ್ಥಳವೂ ಕಾಲವೂ ಮಾತ್ರ. ಹೆಸರುಗಳು ಆರೋಗ್ಯ ಕೇಂದ್ರದ ದಾಖಲೆಯಲ್ಲಿಯೇ ಇರತಕ್ಕದ್ದು.

೬. ಈ ವರ್ಷ ಮಾಡತಕ್ಕ ಕೆಲಸ

ಮಳೆಗಾಲ ಮುಗಿಯುವುದರೊಳಗೆ ಪ್ರತಿಯೊಂದು ಪಂಚಾಯಿತಿಯೂ ಮಜರೆವಾರು ಪುಸ್ತಕವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೂ ಪಶುವೈದ್ಯ ಶಾಲೆಯಿಂದಲೂ ಹಿಂದಿನ ವರ್ಷಗಳ ಸಂಖ್ಯೆಗಳನ್ನು ಪಡೆದು ತುಂಬುವುದು. ಸತ್ತ ಮಂಗ ಕಂಡರೆ ಮುಟ್ಟದೆ, ಅದೇ ದಿನ ಪಂಚಾಯಿತಿಗೂ ಆರೋಗ್ಯ ಕೇಂದ್ರಕ್ಕೂ ತಿಳಿಸುವುದು. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಕೈಕಾಲುಗಳಿಗೆ ತೈಲ ಹಚ್ಚಿಕೊಂಡು, ಹಿಂದಿರುಗಿದ ಕೂಡಲೆ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆಗಳನ್ನು ಒಗೆಯುವಂತೆ ತೋಟದ ಯಜಮಾನರು ಏರ್ಪಡಿಸುವುದು. ಜ್ವರ ಬಂದವರನ್ನು ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ಹತ್ತು ದಿನಗಳ ಓಡಾಟವನ್ನು ಕೇಳಿ ಬರೆಯಿಸುವುದು. ಬೇಸಿಗೆ ಮುಗಿದ ಮೇಲೆ ಮುನ್ನಂದಾಜನ್ನೂ ನಡೆದುದನ್ನೂ ಪಕ್ಕಪಕ್ಕದಲ್ಲಿಟ್ಟು ಗ್ರಾಮಸಭೆಯಲ್ಲಿ ಓದುವುದು. ತಪ್ಪಿದ ಅಂದಾಜನ್ನು ಅಳಿಸದೆ ಹಾಗೆಯೇ ಉಳಿಸಿಕೊಳ್ಳತಕ್ಕದ್ದು. ಮುಂದಿನ ವರ್ಷದ ಲೆಕ್ಕವನ್ನು ತಿದ್ದುವುದಕ್ಕೆ ಅದೇ ಸಾಧನ.

ಹೀಗೆ ಮೂರು ನಾಲ್ಕು ವರ್ಷ ತಪ್ಪದೆ ಬರೆದ ಪುಸ್ತಕವು ಸಿದ್ಧವಾದರೆ, ಅದನ್ನು ಲೆಕ್ಕಕ್ಕೆ ಇಳಿಸುವವರು ಶಿವಮೊಗ್ಗದಲ್ಲಿಯೋ ಬೆಂಗಳೂರಿನಲ್ಲಿಯೋ ದೊರೆಯುತ್ತಾರೆ. ಪುಸ್ತಕವೇ ಇಲ್ಲದಿದ್ದರೆ ಎಷ್ಟು ದೊಡ್ಡ ಯಂತ್ರವಿದ್ದರೂ ಬರಿಯ ಕಣವನ್ನು ತೂರಿದಂತೆಯೇ ಸರಿ. ಅರಳಗೋಡಿನಂತಹ ಇನ್ನೊಂದು ಬೇಸಿಗೆ ಯಾವ ಊರಿಗೂ ಬಾರದಿರಬೇಕಾದರೆ, ಆ ಊರಿನ ಸಾಲು ಇಂದೇ ಪ್ರಾಮಾಣಿಕವಾಗಿ ಬರೆಯಲ್ಪಡಬೇಕು.